ಮೊಟ್ಟೆ ಹಂಚಿದ ಲೆಕ್ಕ, ಮಗು ಬೆಳೆದ ಲೆಕ್ಕ

ಪ್ರತಿ ವರ್ಷದ ರಾಜ್ಯ ಬಜೆಟ್‌ನಲ್ಲಿ ಶಾಲಾ ಮಕ್ಕಳಿಗಾಗಿ ಒಂದೆರಡಾದರೂ ಹೊಸ ಕಾರ್ಯಕ್ರಮಗಳು ಪ್ರಕಟವಾಗುತ್ತವೆ. ಎಷ್ಟು ಲಕ್ಷ ಮಕ್ಕಳಿಗೆ ಪ್ರಯೋಜನ, ಎಷ್ಟು ಕೋಟಿ ಅನುದಾನ ಎಂಬ ವಿವರ ಮರುದಿನದ ಪತ್ರಿಕೆಗಳಲ್ಲಿ ದೊರೆಯುತ್ತದೆ. ಆದರೆ ಐದು ವರ್ಷಗಳ ಹಿಂದೆ ಇದೇ ಬಗೆಯಲ್ಲಿ ಪ್ರಕಟವಾದ ಕಾರ್ಯಕ್ರಮದಿಂದ ಮಕ್ಕಳಿಗೆ ಏನಾಯಿತು ಎಂಬ ಪ್ರಶ್ನೆಗೆ ಸದನದ ಒಳಗಾಗಲಿ ಹೊರಗಾಗಲಿ ಉತ್ತರ ಸಿಗುವುದು ಅಪರೂಪ. ಆ ಉತ್ತರವನ್ನು ಕೊಡಬೇಕಾದ ದಾಖಲೆಯ ಹೆಸರು ಮೌಲ್ಯಮಾಪನ ವರದಿ. ಸರ್ಕಾರಿ ಕಡತಗಳಲ್ಲಿ ಇಷ್ಟು ಧಾರಾಳವಾಗಿ ಬಳಕೆಯಾಗುವ, ಇಷ್ಟು ಕಡಿಮೆ ಅರ್ಥವಾಗಿರುವ ಪದ ಇನ್ನೊಂದಿರಲಾರದು.

ನಮ್ಮ ಕಚೇರಿಗಳಲ್ಲಿ ಮೂರು ಬೇರೆ ಬೇರೆ ಕೆಲಸಗಳಿಗೆ ಈ ಒಂದೇ ಹೆಸರು ಸಲ್ಲುತ್ತಿದೆ. ಮೊದಲನೆಯದು ತಪಾಸಣೆ. ಹಣ ನಿಯಮದಂತೆ ಖರ್ಚಾಯಿತೇ, ದಾಸ್ತಾನು ಪುಸ್ತಕ ಸರಿಯಿದೆಯೇ ಎಂದು ನೋಡುವುದು. ಎರಡನೆಯದು ಪ್ರಗತಿ ಪರಿಶೀಲನೆ. ನಿಗದಿಯಾದ ಗುರಿಯಲ್ಲಿ ಎಷ್ಟು ಸಾಧಿಸಲಾಯಿತು ಎಂದು ತಿಂಗಳ ಸಭೆಯಲ್ಲಿ ಲೆಕ್ಕ ಒಪ್ಪಿಸುವುದು. ಇವೆರಡೂ ಅಗತ್ಯ. ಆದರೆ ಮೂರನೆಯದೇ ನಿಜವಾದ ಮೌಲ್ಯಮಾಪನ. ಕಾರ್ಯಕ್ರಮ ಇಲ್ಲದೇ ಹೋಗಿದ್ದರೆ ಮಕ್ಕಳ ಸ್ಥಿತಿ ಹೇಗಿರುತ್ತಿತ್ತು, ಇದ್ದುದರಿಂದ ಎಷ್ಟು ವ್ಯತ್ಯಾಸವಾಯಿತು ಎಂದು ಅದು ಕೇಳುತ್ತದೆ. ಈ ಪ್ರಶ್ನೆಗೆ ಉತ್ತರ ಕೊಡಬಲ್ಲ ವರದಿಯನ್ನು ಕಾರ್ಯಕ್ರಮ ಮುಗಿದ ಮೇಲೆ ಕುಳಿತು ಬರೆಯಲಾಗದು. ವರದಿಯ ಹಣೆಬರಹ ಬಹುಮಟ್ಟಿಗೆ ಕಾರ್ಯಕ್ರಮದ ಆದೇಶ ಹೊರಡುವ ದಿನವೇ ನಿರ್ಧಾರವಾಗಿರುತ್ತದೆ.

ನಮ್ಮ ರಾಜ್ಯದ ಇತ್ತೀಚಿನ ನಿದರ್ಶನವೊಂದನ್ನು ನೋಡೋಣ. 2021ರ ಡಿಸೆಂಬರ್‌ನಲ್ಲಿ ಸರ್ಕಾರ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದ ಶಾಲಾ ಮಕ್ಕಳಿಗೆ ಮಧ್ಯಾಹ್ನದ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಆರಂಭಿಸಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಕೆಲವು ಮಠಾಧೀಶರು ಮತ್ತು ಸಸ್ಯಾಹಾರಿ ಸಂಘಟನೆಗಳು ತೀವ್ರವಾಗಿ ವಿರೋಧಿಸಿದವು. ಮೊಟ್ಟೆ ಬೇಕೆಂದು ಶಾಲಾ ಬಾಲಕಿಯರೇ ಗಟ್ಟಿ ದನಿಯಲ್ಲಿ ಮಾತನಾಡಿದ್ದನ್ನೂ ನಾಡು ಕೇಳಿತು. ವಾದ ಪ್ರತಿವಾದಗಳ ಈ ಗದ್ದಲದ ನಡುವೆ ಒಂದು ಒಳ್ಳೆಯ ಕೆಲಸ ನಡೆಯಿತು. ಗದಗಿನ ಕರ್ನಾಟಕ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಈ ಪ್ರಯೋಗವನ್ನು ಅಧ್ಯಯನ ಮಾಡಿತು. ಮೊಟ್ಟೆ ಸಿಗುತ್ತಿದ್ದ ಯಾದಗಿರಿಯ ಮಕ್ಕಳನ್ನು ಮೊಟ್ಟೆ ಸಿಗದಿದ್ದ ಗದಗ ಜಿಲ್ಲೆಯ ಮಕ್ಕಳೊಂದಿಗೆ ಹೋಲಿಸಿತು. ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು. ಮೇಲಿನ ತರಗತಿಯ ಹೆಣ್ಣುಮಕ್ಕಳಲ್ಲಿ ಈ ಏರಿಕೆ ಎದ್ದು ಕಾಣುತ್ತಿತ್ತು. 2022ರ ಜುಲೈನಲ್ಲಿ ಸರ್ಕಾರ ಕಾರ್ಯಕ್ರಮವನ್ನು ಎಲ್ಲ ಜಿಲ್ಲೆಗಳಿಗೆ ವಿಸ್ತರಿಸಿ, ವರ್ಷದಲ್ಲಿ 46 ದಿನ ಮೊಟ್ಟೆ ಅಥವಾ ಬಾಳೆಹಣ್ಣು, ಚಿಕ್ಕಿ ಕೊಡಲು ಆದೇಶಿಸಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನೊಂದಿಗೆ ಅದು ವಾರಕ್ಕೆ ಆರು ದಿನಗಳಿಗೆ ಏರಿತು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಅಧ್ಯಯನಕ್ಕೆ ಬಲ ಬಂದದ್ದು ಗದಗಿನಿಂದ. ಯಾದಗಿರಿಯ ಮಕ್ಕಳನ್ನು ಮಾತ್ರ ಡಿಸೆಂಬರ್‌ನಲ್ಲಿ ಒಮ್ಮೆ, ಮಾರ್ಚ್‌ನಲ್ಲಿ ಒಮ್ಮೆ ತೂಗಿದ್ದರೆ ತೂಕ ಹೇಗೂ ಹೆಚ್ಚಿರುತ್ತಿತ್ತು. ಮಕ್ಕಳು ಬೆಳೆಯುವುದೇ ಹಾಗೆ. ಅಲ್ಲದೆ ಕೋವಿಡ್ ಕಾರಣದಿಂದ ದೀರ್ಘಕಾಲ ಮುಚ್ಚಿದ್ದ ಶಾಲೆಗಳು ಆಗಷ್ಟೇ ತೆರೆದಿದ್ದವು. ಬಿಸಿಯೂಟ ಮರಳಿ ಸಿಕ್ಕಿದ್ದರಿಂದಲೂ ಮಕ್ಕಳು ಮೈತುಂಬಿಕೊಂಡಿರಬಹುದು. ಆ ಬಿಸಿಯೂಟ ಗದಗಿನಲ್ಲೂ ಇತ್ತು, ಮೊಟ್ಟೆ ಇರಲಿಲ್ಲ. ಹೀಗಾಗಿ ಎರಡು ಜಿಲ್ಲೆಗಳ ಏರಿಕೆಯ ನಡುವಿನ ಅಂತರವನ್ನು ಮೊಟ್ಟೆಯ ಲೆಕ್ಕಕ್ಕೆ ಬರೆಯಲು ಆಧಾರ ದೊರೆಯಿತು. ಇಷ್ಟಾದರೂ ಎರಡು ಜಿಲ್ಲೆಗಳ ಹೋಲಿಕೆಗೆ ಮಿತಿಗಳಿವೆ. ಒಂದು ಕಡೆಯ ಮಕ್ಕಳು ಮೊದಲೇ ಹೆಚ್ಚು ಸೊರಗಿದ್ದರೆ ಚೇತರಿಕೆಯ ವೇಗವೂ ಅಲ್ಲಿ ಬೇರೆಯಾಗಿರುತ್ತದೆ. ಕೆಲವೇ ತಿಂಗಳ ಅವಧಿ ತೂಕಕ್ಕೆ ಸಾಕಾದರೂ ಎತ್ತರದ ಬಗ್ಗೆ ತೀರ್ಪು ಕೊಡಲು ಸಾಲದು. ಇಂತಹ ಯಾವ ವರದಿಯನ್ನೇ ಓದುವಾಗಲೂ ವಿವೇಕಿ ಓದುಗ ಈ ಪ್ರಶ್ನೆಗಳನ್ನು ಕೇಳಬೇಕು, ವರದಿಕಾರ ಕೇಳುವ ಮೊದಲೇ ಉತ್ತರಿಸಬೇಕು.

ಇದಕ್ಕೆ ಪ್ರತಿಯಾಗಿ ಕ್ಷೀರ ಭಾಗ್ಯವನ್ನು ನೋಡಿ. 2013ರ ಆಗಸ್ಟ್ 1ರಂದು ಆರಂಭವಾದ ಈ ಕಾರ್ಯಕ್ರಮ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ವಾರಕ್ಕೆ ಮೂರು ದಿನ 150 ಮಿಲಿಲೀಟರ್ ಹಾಲು ಕೊಟ್ಟಿತು. 2017ರಲ್ಲಿ ಅದು ಐದು ದಿನಗಳಿಗೆ ಏರಿತು. ಉದ್ದೇಶ ಒಳ್ಳೆಯದು, ಹಾಲು ಉತ್ಪಾದಕರಿಗೂ ಅನುಕೂಲ. ಆದರೆ ರಾಜ್ಯದಾದ್ಯಂತ ಒಮ್ಮೆಲೇ ಜಾರಿಗೆ ಬಂದ ಕಾರ್ಯಕ್ರಮದಲ್ಲಿ ಹೋಲಿಸಿ ನೋಡಲು ಹಾಲಿಲ್ಲದ ಜಿಲ್ಲೆಯೇ ಉಳಿಯುವುದಿಲ್ಲ. ಮುಂದೆ ಎಷ್ಟೇ ಸಮರ್ಥ ಸಂಸ್ಥೆ ಅಧ್ಯಯನಕ್ಕೆ ಬಂದರೂ ಶಿಕ್ಷಕರನ್ನೂ ಪೋಷಕರನ್ನೂ ಅಭಿಪ್ರಾಯ ಕೇಳಿ, ಬಹುಪಾಲು ಜನ ತೃಪ್ತರಾಗಿದ್ದಾರೆ ಎಂದು ಬರೆಯುವುದರಿಂದಾಚೆಗೆ ಅದು ಹೋಗುವುದು ಕಷ್ಟ. ಉಚಿತವಾಗಿ ಹಾಲು ಪಡೆದ ಮಗುವಿನ ತಾಯಿ ಅತೃಪ್ತಳೆಂದು ಏಕೆ ಹೇಳಿಯಾಳು?

ಅಕ್ಷರ ದಾಸೋಹದ ಆರಂಭ ಭಿನ್ನವಾಗಿತ್ತು. 2002ರಲ್ಲಿ ಉತ್ತರ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಬಿಸಿಯೂಟ ಮೊದಲಾಯಿತು, ಮರುವರ್ಷ ಉಳಿದ ಜಿಲ್ಲೆಗಳಿಗೆ ಹರಡಿತು. ಹಣಕಾಸು, ಅಡುಗೆಕೋಣೆ, ಧಾನ್ಯ ಸಾಗಣೆಯ ಮಿತಿಗಳಿಂದಾಗಿ ಯಾವ ದೊಡ್ಡ ಕಾರ್ಯಕ್ರಮವೂ ಹಂತ ಹಂತವಾಗಿಯೇ ಜಾರಿಯಾಗಬೇಕಾಗುತ್ತದೆ. ಮೊದಲ ಹಂತಕ್ಕೂ ಎರಡನೆಯ ಹಂತಕ್ಕೂ ನಡುವಿನ ಆ ಒಂದು ವರ್ಷ ಮೌಲ್ಯಮಾಪಕನ ಪಾಲಿಗೆ ವರ. ಊಟ ತಲುಪಿದ ಜಿಲ್ಲೆಯನ್ನೂ ಇನ್ನೂ ತಲುಪದ ಜಿಲ್ಲೆಯನ್ನೂ ಅಕ್ಕಪಕ್ಕ ಇಟ್ಟು ಹಾಜರಾತಿಯ ಏರಿಳಿತ ನೋಡಬಹುದು. ಹಿಂದುಳಿದ ಜಿಲ್ಲೆಗಳನ್ನೇ ಮೊದಲು ಆಯ್ದುಕೊಂಡಿರುವುದರಿಂದ ಹಾಜರಾತಿಯ ಮಟ್ಟವನ್ನು ಹೋಲಿಸಬಾರದು, ಬದಲಾವಣೆಯನ್ನು ಹೋಲಿಸಬೇಕು. ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಕಾರ್ಯಕ್ರಮ ಆರಂಭವಾಗುವ ಮುನ್ನ ಎರಡೂ ಕಡೆ ಸ್ಥಿತಿಗತಿಯನ್ನು ದಾಖಲಿಸಿಡುವ ಮುಂದಾಲೋಚನೆ ಬೇಕು, ಅಷ್ಟೆ.

ಹೋಲಿಕೆಯನ್ನು ಎಷ್ಟು ಜಾಣತನದಿಂದ ಕಟ್ಟಬಹುದು ಎಂಬುದಕ್ಕೆ ಬಿಹಾರದ ಬೈಸಿಕಲ್ ಯೋಜನೆಯ ಅಧ್ಯಯನ ಒಳ್ಳೆಯ ಮಾದರಿ. 2006ರಲ್ಲಿ ಆ ರಾಜ್ಯ ಒಂಬತ್ತನೇ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು ಹಣ ಕೊಡತೊಡಗಿತು. ಆ ಬಳಿಕ ಹುಡುಗಿಯರ ದಾಖಲಾತಿ ಏರಿತು. ಆದರೆ ಆ ವರ್ಷಗಳಲ್ಲಿ ರಸ್ತೆ, ಶಾಲೆ, ಕಾನೂನು ಸುವ್ಯವಸ್ಥೆ ಎಲ್ಲವೂ ಸುಧಾರಿಸುತ್ತಿದ್ದವು. ಏರಿಕೆಯಲ್ಲಿ ಸೈಕಲ್ಲಿನ ಪಾಲೆಷ್ಟು? ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಮೊದಲು ಹುಡುಗಿಯರನ್ನು ಸೈಕಲ್ ಸಿಗದ ಹುಡುಗರೊಂದಿಗೆ ಹೋಲಿಸಿದರು. ಅನಂತರ ಬಿಹಾರದ ಈ ಅಂತರವನ್ನು ನೆರೆಯ ಜಾರ್ಖಂಡ್‌ನ ಅಂತರದೊಂದಿಗೆ ಹೋಲಿಸಿದರು. ಎಲ್ಲವನ್ನೂ ಕಳೆದು ಉಳಿದ ಉತ್ತರ: ಪ್ರೌಢಶಾಲೆಗೆ ಸಕಾಲದಲ್ಲಿ ಸೇರುವ ಹುಡುಗಿಯರ ಪ್ರಮಾಣದಲ್ಲಿ ಶೇ 32ರಷ್ಟು ಹೆಚ್ಚಳ, ಹುಡುಗ ಹುಡುಗಿಯರ ನಡುವಿನ ಅಂತರದಲ್ಲಿ ಶೇ 40ರಷ್ಟು ಇಳಿಕೆ. ಪ್ರೌಢಶಾಲೆ ಮೂರು ಕಿಲೋಮೀಟರ್ ಅಥವಾ ಅದಕ್ಕಿಂತ ದೂರವಿದ್ದ ಹಳ್ಳಿಗಳಲ್ಲಿ ಪರಿಣಾಮ ಹೆಚ್ಚು ಎಂಬುದನ್ನೂ ಅವರು ಕಂಡುಕೊಂಡರು. ಈ ಕೊನೆಯ ಮಾತು ಆಡಳಿತಕ್ಕೆ ಅತ್ಯಂತ ಉಪಯುಕ್ತ. ಹಣ ಸೀಮಿತವಾದಾಗ ಸೈಕಲ್ ಮೊದಲು ಯಾರಿಗೆ ಸಲ್ಲಬೇಕು ಎಂಬುದನ್ನು ಅದು ಹೇಳುತ್ತದೆ. ಒಳ್ಳೆಯ ವರದಿಯೊಂದು ಹೌದು, ಅಲ್ಲ ಎಂಬ ತೀರ್ಪಿನ ಜೊತೆಗೆ ಎಲ್ಲಿ, ಯಾರಿಗೆ, ಏಕೆ ಎಂಬುದನ್ನೂ ಹೇಳಬೇಕು.

ಆದ್ದರಿಂದ ಮೌಲ್ಯಮಾಪನದ ಸಿದ್ಧತೆ ಪ್ರಶ್ನೆಯಿಂದ ಆರಂಭವಾಗಬೇಕು. ಈ ವರದಿಯನ್ನು ಓದಿ ಯಾರು ಯಾವ ನಿರ್ಧಾರ ತೆಗೆದುಕೊಳ್ಳಲಿದ್ದಾರೆ? ಕಾರ್ಯಕ್ರಮ ಮುಂದುವರಿಸುವುದೇ, ತಿದ್ದುವುದೇ, ನಿಲ್ಲಿಸುವುದೇ? ಇದಕ್ಕೆ ಉತ್ತರವಿಲ್ಲದಿದ್ದರೆ ಅಧ್ಯಯನಕ್ಕೆ ಹಣ ಖರ್ಚು ಮಾಡುವ ಅಗತ್ಯವೇ ಇಲ್ಲ. ಇಲಾಖೆಗಳು ಸಿದ್ಧಪಡಿಸುವ ಅಧ್ಯಯನದ ಕಾರ್ಯಸೂಚಿಗಳಲ್ಲಿ ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ಪ್ರಶ್ನೆಗಳಿರುತ್ತವೆ. ಎಲ್ಲ ಅಧಿಕಾರಿಗಳಿಗೂ ತಮ್ಮದೊಂದು ಪ್ರಶ್ನೆ ಸೇರಿಸುವ ಆಸೆ. ಮೂರು ನಾಲ್ಕು ಪ್ರಶ್ನೆಗಳಿಗೆ ಗಟ್ಟಿಯಾದ ಉತ್ತರ ಸಿಕ್ಕರೆ ಅದು ಮೂವತ್ತು ಪ್ರಶ್ನೆಗಳ ತೆಳು ಉತ್ತರಗಳಿಗಿಂತ ಬೆಲೆಯುಳ್ಳದ್ದು.

ಎರಡನೆಯದಾಗಿ, ಅಳತೆಗೋಲು. ಶಾಲೆಯ ಕಡತದಲ್ಲಿ ಸಿಗುವ ಅಂಕಿಅಂಶವನ್ನೇ ನಂಬಿ ಬರೆದ ವರದಿ ಕಡತದ ಮೌಲ್ಯಮಾಪನವಾಗುತ್ತದೆ, ಶಾಲೆಯದ್ದಲ್ಲ. 2003ರಲ್ಲಿ ದೇಶದ 20 ರಾಜ್ಯಗಳ ಸುಮಾರು 3,700 ಶಾಲೆಗಳಿಗೆ ಮುನ್ಸೂಚನೆ ಇಲ್ಲದೆ ಭೇಟಿ ನೀಡಿದ ಸಂಶೋಧಕರ ತಂಡ, ಭೇಟಿಯ ಹೊತ್ತಿಗೆ ನಾಲ್ವರು ಶಿಕ್ಷಕರಲ್ಲಿ ಒಬ್ಬರು ಶಾಲೆಯಲ್ಲಿ ಇರಲಿಲ್ಲವೆಂದೂ ಪಾಠ ಮಾಡುತ್ತಿದ್ದವರು ಸುಮಾರು ಅರ್ಧದಷ್ಟು ಮಾತ್ರವೆಂದೂ ದಾಖಲಿಸಿತು. ಹೇಳಿ ಹೋಗುವ ಭೇಟಿಯಲ್ಲಿ ಕಾಣುವುದು ಬೇರೆ, ಹೇಳದೆ ಹೋದಾಗ ಕಾಣುವುದು ಬೇರೆ. ಕಲಿಕೆಯ ವಿಷಯದಲ್ಲೂ ಹೀಗೆಯೇ. ಪ್ರಗತಿ ಪತ್ರದ ಶ್ರೇಣಿಯನ್ನು ಎಣಿಸುವ ಬದಲು ಮಗುವಿನ ಪಕ್ಕ ಕುಳಿತು, ಕೈಗೊಂದು ಸರಳ ಗದ್ಯಭಾಗ ಕೊಟ್ಟು ಓದಿಸುವುದು ಹೆಚ್ಚು ವಿಶ್ವಾಸಾರ್ಹ. ‘ಪ್ರಥಮ್’ ಸಂಸ್ಥೆ 2005ರಿಂದ ನಡೆಸುತ್ತಿರುವ ‘ಅಸರ್’ ಸಮೀಕ್ಷೆ ಗ್ರಾಮೀಣ ಭಾರತದ ಮನೆ ಮನೆಗೆ ಹೋಗಿ ಮಾಡುತ್ತ ಬಂದಿರುವುದು ಇದನ್ನೇ.

ಅದೇ ಸಮೀಕ್ಷೆ ವರದಿ ಬರೆಯುವವರಿಗೆ ಇನ್ನೊಂದು ಪಾಠವನ್ನೂ ಹೇಳುತ್ತದೆ. ಗ್ರಾಮೀಣ ಭಾರತದ ಸರ್ಕಾರಿ ಶಾಲೆಗಳ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲವರು 2018ರಲ್ಲಿ ಶೇ 20.9, 2022ರಲ್ಲಿ ಶೇ 16.3, 2024ರಲ್ಲಿ ಶೇ 23.4. 2022ನ್ನು ಮೂಲವರ್ಷವಾಗಿ ಹಿಡಿದರೆ ಎರಡೇ ವರ್ಷಗಳಲ್ಲಿ ಏಳು ಅಂಶಗಳ ಜಿಗಿತ. 2018ನ್ನು ಹಿಡಿದರೆ ಆರು ವರ್ಷಗಳಲ್ಲಿ ಎರಡೂವರೆ ಅಂಶಗಳ ಏರಿಕೆ. ಎರಡೂ ಲೆಕ್ಕ ಸರಿ. ಆದರೆ ಕೋವಿಡ್ ನಂತರ ಜಾರಿಯಾದ ಯಾವುದೋ ಕಾರ್ಯಕ್ರಮವನ್ನು ಹೊಗಳಲು ಮೊದಲ ಲೆಕ್ಕವನ್ನಷ್ಟೇ ಮುಂದಿಟ್ಟರೆ, ಶಾಲೆ ಮುಚ್ಚಿದ್ದರಿಂದ ಆದ ನಷ್ಟ ತುಂಬಿದ್ದೂ ಕಾರ್ಯಕ್ರಮದ ಖಾತೆಗೆ ಜಮೆಯಾಗುತ್ತದೆ. ಮೂಲವರ್ಷ ಯಾವುದು, ಏಕೆ ಎಂದು ಮೊದಲೇ ಲಿಖಿತವಾಗಿ ತೀರ್ಮಾನಿಸಿಕೊಂಡಿದ್ದರೆ ಈ ಅಪಾಯವಿರುವುದಿಲ್ಲ.

ಅಳೆಯುವ ಕೆಲಸ ಕಾರ್ಯಕ್ರಮದ ಕೊನೆಯ ದಿನಕ್ಕೇ ನಿಲ್ಲಬಾರದು ಎಂಬುದು ಮೂರನೆಯ ಮಾತು. ಮುಂಬೈ ಮತ್ತು ವಡೋದರಾ ನಗರಗಳ ಪಾಲಿಕೆ ಶಾಲೆಗಳಲ್ಲಿ 2001 ಮತ್ತು 2003ರ ನಡುವೆ ‘ಬಾಲಸಖಿ’ ಕಾರ್ಯಕ್ರಮ ನಡೆಯಿತು. ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗೆ ಸ್ಥಳೀಯ ಯುವತಿಯರು ಪ್ರತ್ಯೇಕವಾಗಿ ಕಲಿಸುತ್ತಿದ್ದರು. ಮುಂದೆ 2019ರಲ್ಲಿ ನೊಬೆಲ್ ಪುರಸ್ಕಾರ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಇದನ್ನು ಅಧ್ಯಯನ ಮಾಡಿದರು. ಎರಡನೇ ವರ್ಷದ ಕೊನೆಗೆ ಮಕ್ಕಳ ಅಂಕಗಳಲ್ಲಿ ಸ್ಪಷ್ಟ ಏರಿಕೆ ಕಂಡಿತು. ಒಂದು ವರ್ಷ ಬಿಟ್ಟು ಮತ್ತೆ ಪರೀಕ್ಷಿಸಿದಾಗ ಆ ಲಾಭ ಸುಮಾರು ಮೂರನೇ ಒಂದು ಭಾಗಕ್ಕೆ ಕುಗ್ಗಿತ್ತು. ಎರಡೂ ಸಂಗತಿಗಳನ್ನು ಅವರು ಪ್ರಕಟಿಸಿದರು. ಎರಡನೆಯದನ್ನು ಮುಚ್ಚಿಟ್ಟಿದ್ದರೆ, ಇಂತಹ ನೆರವು ಒಂದೆರಡು ವರ್ಷಕ್ಕೆ ನಿಲ್ಲದೆ ಮುಂದುವರಿಯಬೇಕೇ ಎಂದು ಯೋಚಿಸಲು ಯಾರಿಗೂ ಕಾರಣವೇ ಸಿಗುತ್ತಿರಲಿಲ್ಲ.

ಇನ್ನು ವರದಿಯ ಬರವಣಿಗೆ. ನಮ್ಮಲ್ಲಿ ಬಹುಪಾಲು ವರದಿಗಳು ಇನ್ನೂರು ಮುನ್ನೂರು ಪುಟಗಳಷ್ಟಿದ್ದು ಇಂಗ್ಲಿಷಿನಲ್ಲಿರುತ್ತವೆ. ಶೈಕ್ಷಣಿಕ ಹಿನ್ನೆಲೆಯ ಅಧ್ಯಾಯವೊಂದು, ಜಿಲ್ಲೆಯ ಭೂಗೋಳದ ಅಧ್ಯಾಯವೊಂದು ದಾಟಿದ ಮೇಲೆ ವಿಷಯ ಆರಂಭವಾಗುತ್ತದೆ. ಯಾರ ಕೆಲಸದ ಬಗ್ಗೆ ವರದಿ ಬರೆಯಲಾಗಿದೆಯೋ ಆ ಮುಖ್ಯೋಪಾಧ್ಯಾಯರು, ಅಡುಗೆಯವರು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯರು ಅದನ್ನು ಓದುವ ಸಂಭವವೇ ಇಲ್ಲ. ಕನ್ನಡದಲ್ಲಿ ನಾಲ್ಕು ಪುಟಗಳ ಸಾರಾಂಶ ಇಲ್ಲದ ಯಾವ ಶಾಲಾ ವರದಿಯನ್ನೂ ಸರ್ಕಾರ ಸ್ವೀಕರಿಸಬಾರದು. ಆ ನಾಲ್ಕು ಪುಟಗಳಲ್ಲಿ ಏನು ಕೇಳಿದೆವು, ಹೇಗೆ ಅಳೆದೆವು, ಏನು ಕಂಡೆವು, ಎಷ್ಟರ ಮಟ್ಟಿಗೆ ಖಚಿತ, ಏನು ಮಾಡಬೇಕು ಎಂಬ ಐದು ಸಂಗತಿಗಳಿದ್ದರೆ ಸಾಕು. ಕಂಡದ್ದನ್ನೂ ಅದರ ಬಗ್ಗೆ ವರದಿಕಾರನ ಅಭಿಪ್ರಾಯವನ್ನೂ ಬೆರೆಸಬಾರದು. ‘ಗಣನೀಯ ಪ್ರಗತಿ’, ‘ತೃಪ್ತಿಕರ ಸಾಧನೆ’ ಎಂಬ ಮಾತುಗಳ ಪಕ್ಕದಲ್ಲಿ ಅಂಕಿ ಇಲ್ಲದಿದ್ದರೆ ಆ ಮಾತುಗಳನ್ನು ಹೊಡೆದುಹಾಕಬೇಕು. ಶಿಫಾರಸುಗಳು ಹತ್ತನ್ನು ಮೀರಬಾರದು. ಪ್ರತಿಯೊಂದರ ಮುಂದೆ ಯಾವ ಅಧಿಕಾರಿ, ಎಷ್ಟು ಅವಧಿಯಲ್ಲಿ, ಎಷ್ಟು ಖರ್ಚಿನಲ್ಲಿ ಎಂದು ಬರೆಯಬೇಕು. ‘ಶಿಕ್ಷಕರಿಗೆ ಹೆಚ್ಚಿನ ತರಬೇತಿ ನೀಡಬೇಕು’ ಎಂಬ ಶಿಫಾರಸು ಪ್ರತಿ ವರದಿಯಲ್ಲೂ ಇರುತ್ತದೆ. ಅದನ್ನು ಬರೆಯಲು ಅಧ್ಯಯನದ ಅಗತ್ಯವಿರಲಿಲ್ಲ.

ಎಲ್ಲಕ್ಕಿಂತ ಕಠಿಣವಾದದ್ದು ‘ಪರಿಣಾಮ ಕಂಡುಬರಲಿಲ್ಲ’ ಎಂಬ ವಾಕ್ಯವನ್ನು ಬರೆಯುವುದು. ಬರೆದ ಮೇಲೆ ಅದನ್ನು ಉಳಿಸಿಕೊಳ್ಳುವುದು ಇನ್ನೂ ಕಠಿಣ. ಸೇವೆಯಲ್ಲಿದ್ದಾಗ ನಾನು ಕಂಡ ಒಂದು ಕರಡು ವರದಿಯಲ್ಲಿ ಇಂತಹ ವಾಕ್ಯವಿತ್ತು. ಇಲಾಖೆಯೊಂದಿಗೆ ಮೂರು ಸುತ್ತು ‘ಸಮಾಲೋಚನೆ’ ನಡೆದ ಬಳಿಕ ಅಂತಿಮ ಪ್ರತಿಯಲ್ಲಿ ಅದು ‘ದೀರ್ಘಾವಧಿಯಲ್ಲಿ ಉತ್ತಮ ಪರಿಣಾಮ ನಿರೀಕ್ಷಿಸಬಹುದಾಗಿದೆ’ ಎಂದು ಮಾರ್ಪಟ್ಟಿತ್ತು. ಸುಳ್ಳು ಹೇಳಿದರೆಂದು ಯಾರನ್ನೂ ದೂರುವಂತಿರಲಿಲ್ಲ, ನಿರೀಕ್ಷೆಗೆ ಯಾರ ಅಡ್ಡಿಯೂ ಇಲ್ಲವಲ್ಲ! ಆದರೆ ಕಾರ್ಯಕ್ರಮ ಅದೇ ರೂಪದಲ್ಲಿ ಮುಂದುವರಿಯಿತು, ಅದೇ ಹಣದಲ್ಲಿ ಮಕ್ಕಳಿಗೆ ಇನ್ನೇನಾದರೂ ಉಪಯುಕ್ತವಾದದ್ದನ್ನು ಮಾಡುವ ಅವಕಾಶ ಕೈತಪ್ಪಿತು. ಸೌಜನ್ಯಕ್ಕಾಗಿ ಸಡಿಲಿಸಿದ ವಾಕ್ಯದ ಬೆಲೆಯನ್ನು ಕೊನೆಗೆ ತೆರುವವರು ಶಾಲೆಯ ಮಕ್ಕಳು.

ಇದಕ್ಕೆ ವ್ಯತಿರಿಕ್ತವಾದ ನಡೆಯೂ ನಮ್ಮ ಕಣ್ಣೆದುರು ಇದೆ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ನೆರವಿನ ಕಲಿಕೆಯನ್ನು ವರ್ಷಗಟ್ಟಲೆ ನಡೆಸಿತ್ತು. ಶಿಕ್ಷಣದ ಮೂಲ ಸಮಸ್ಯೆಗಳಿಗೆ ತಂತ್ರಜ್ಞಾನ ಪರಿಹಾರವಲ್ಲ ಎಂಬುದೇ ಆ ಅನುಭವದ ಸಾರವೆಂದು ಪ್ರತಿಷ್ಠಾನದ ಅನುರಾಗ್ ಬೆಹರ್ 2010ರಲ್ಲಿ ಪತ್ರಿಕಾ ಅಂಕಣವೊಂದರಲ್ಲಿ ಬಹಿರಂಗವಾಗಿ ಬರೆದರು. ಸ್ವಂತ ಕಾರ್ಯಕ್ರಮದ ಬಗ್ಗೆ ಹೀಗೆ ಬರೆಯುವುದರಿಂದ ಸಂಸ್ಥೆಯ ಗೌರವ ಕುಂದಲಿಲ್ಲ. ಸರ್ಕಾರದ ಗೌರವವೂ ಕುಂದಲಾರದು.

ಇಲ್ಲೊಂದು ಆಕ್ಷೇಪಕ್ಕೆ ಉತ್ತರ ಕೊಡುವುದು ಅಗತ್ಯ. ಎಲ್ಲವನ್ನೂ ಹೀಗೆ ಅಳೆದು, ಫಲ ಕಾಣದಿದ್ದರೆ ನಿಲ್ಲಿಸುವುದಾದರೆ ಬಡ ಮಕ್ಕಳ ತಟ್ಟೆಗೂ ಕೈ ಹಾಕಿದಂತಾಗದೇ ಎಂದು ಕೆಲವರು ಕೇಳುತ್ತಾರೆ. ಆತಂಕ ಸಹಜವಾದದ್ದೇ. ಶಾಲೆಯಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಆದೇಶಿಸಿತು, 2013ರ ಆಹಾರ ಭದ್ರತಾ ಕಾಯ್ದೆ ಅದನ್ನು ಹಕ್ಕಾಗಿಸಿತು. ಹಸಿದ ಮಗುವಿಗೆ ಊಟ ಕೊಡಲು ಅಂಕಿಅಂಶದ ಅನುಮತಿ ಬೇಕಿಲ್ಲ. ಊಟದಿಂದ ಪರೀಕ್ಷೆಯ ಅಂಕ ಏರದಿದ್ದರೂ ಊಟ ನಿಲ್ಲಬಾರದು. ಹಕ್ಕಿನ ವಿಷಯದಲ್ಲಿ ಮೌಲ್ಯಮಾಪನ ‘ಕೊಡಬೇಕೇ’ ಎಂದು ಕೇಳುವುದಿಲ್ಲ. ಹೇಗೆ ಕೊಟ್ಟರೆ ಮಗುವಿಗೆ ಹೆಚ್ಚು ದಕ್ಕುತ್ತದೆ ಎಂದು ಕೇಳುತ್ತದೆ. ಹಾಗೆಯೇ ಮೊಟ್ಟೆ ಧರ್ಮಸಮ್ಮತವೇ ಎಂಬ ವಿವಾದವನ್ನು ಯಾವ ವರದಿಯೂ ಬಗೆಹರಿಸಲಾರದು. ಮೊಟ್ಟೆ ತಿಂದ ಮಗುವಿನ ತೂಕ ಏರಿತೇ ಎಂಬುದನ್ನು ಮಾತ್ರ ಅದು ಹೇಳಬಲ್ಲದು. ಅಷ್ಟು ಹೇಳಿದರೂ ಚರ್ಚೆ ಗಾಳಿಯಿಂದ ನೆಲಕ್ಕಿಳಿಯುತ್ತದೆ ಎಂಬುದನ್ನು 2022 ತೋರಿಸಿಕೊಟ್ಟಿದೆ.

ಕರ್ನಾಟಕಕ್ಕೆ ಈ ಕೆಲಸ ಹೊಸತಲ್ಲ. ಯೋಜನಾ ಇಲಾಖೆಯ ಅಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರ ನಮ್ಮಲ್ಲಿದೆ. ಕಾರ್ಯಕ್ರಮಗಳನ್ನು ಅವುಗಳ ಒಡೆತನದ ಇಲಾಖೆಯ ಹೊರಗಿನವರಿಂದ ಪರಿಶೀಲಿಸುವ ಏರ್ಪಾಡು ಇದೆ. ಕೊರತೆಯಿರುವುದು ಕಾಲದ ವಿಷಯದಲ್ಲಿ. ಮೌಲ್ಯಮಾಪಕನನ್ನು ಕೊನೆಗೆ ಕರೆಯುವ ಅಭ್ಯಾಸವನ್ನು ಬಿಟ್ಟು ಮೊದಲೇ ಕರೆಯಬೇಕು. ಶಾಲಾ ಮಕ್ಕಳಿಗೆ ಸಂಬಂಧಿಸಿದ ಪ್ರತಿಯೊಂದು ಹೊಸ ಕಾರ್ಯಕ್ರಮದ ಸರ್ಕಾರಿ ಆದೇಶದಲ್ಲಿ ಒಂದು ಕಡ್ಡಾಯ ಪರಿಚ್ಛೇದವಿರಲಿ. ಮಕ್ಕಳಲ್ಲಿ ಯಾವ ಬದಲಾವಣೆ ನಿರೀಕ್ಷಿತ, ಅದನ್ನು ಯಾವುದರಿಂದ ಅಳೆಯಲಾಗುವುದು, ಆರಂಭದ ಸ್ಥಿತಿಯನ್ನು ಯಾವಾಗ ದಾಖಲಿಸಲಾಗುವುದು, ಯಾವ ಜಿಲ್ಲೆ ಅಥವಾ ತಾಲ್ಲೂಕು ಎರಡನೇ ಹಂತಕ್ಕೆ ಕಾಯುವುದು, ವರದಿ ಯಾವ ದಿನ ಬರುವುದು ಎಂಬ ಐದು ಸಾಲು. ಕರಡು ವರದಿಯನ್ನು ಇಲಾಖೆಗೆ ತೋರಿಸುವುದು ಸರಿ. ವಾಸ್ತವಾಂಶದ ತಪ್ಪಿದ್ದರೆ ತಿದ್ದಬೇಕು. ತೀರ್ಮಾನದ ಬಗ್ಗೆ ಭಿನ್ನಾಭಿಪ್ರಾಯವಿದ್ದರೆ ಇಲಾಖೆ ತನ್ನ ಉತ್ತರವನ್ನು ಬರೆದು ವರದಿಯ ಕೊನೆಗೆ ಲಗತ್ತಿಸಲಿ. ಎರಡನ್ನೂ ಓದಿ ಶಾಸಕರೂ ಸಾರ್ವಜನಿಕರೂ ತೀರ್ಮಾನಿಸಲಿ. ಸಲ್ಲಿಕೆಯಾದ ಆರು ತಿಂಗಳೊಳಗೆ ವರದಿ ಸದನದ ಮುಂದೆ ಬರಲಿ.

ಈ ಐದು ಸಾಲು ಬರೆಯಲು ಹೆಚ್ಚು ಹಣವೂ ಬೇಡ, ಹೊಸ ಸಂಸ್ಥೆಯೂ ಬೇಡ. ಫಲಿತಾಂಶ ತನಗೆ ಪ್ರತಿಕೂಲವಾಗಿ ಬಂದರೂ ಬರಲಿ ಎಂದು ಆದೇಶಕ್ಕೆ ಸಹಿ ಹಾಕುವ ದಿನವೇ ಒಪ್ಪಿಕೊಳ್ಳುವ ಮನಸ್ಸು ಬೇಕು. ಎಷ್ಟು ಮೊಟ್ಟೆ ಹಂಚಿದೆವು, ಎಷ್ಟು ಲೀಟರ್ ಹಾಲು ಕಾಯಿಸಿದೆವು ಎಂಬ ಲೆಕ್ಕವನ್ನು ನಾವು ಚೆನ್ನಾಗಿಯೇ ಇಡುತ್ತೇವೆ. ಮುಂದಿನ ಬಜೆಟ್‌ನಲ್ಲಿ ಹೊಸ ಕಾರ್ಯಕ್ರಮ ಪ್ರಕಟವಾದಾಗ ಅನುದಾನ ಎಷ್ಟು ಎಂದು ಕೇಳುವುದರ ಜೊತೆಗೆ ಮಗು ಬೆಳೆದ ಲೆಕ್ಕವನ್ನು ಯಾರು, ಎಂದು ಕೊಡುತ್ತಾರೆ ಎಂದು ತೆರಿಗೆದಾರರೂ ಪೋಷಕರೂ ಕೇಳತೊಡಗಿದರೆ, ಆ ಪರಿಚ್ಛೇದ ಆದೇಶದೊಳಗೆ ತಾನಾಗಿ ಬಂದು ಸೇರೀತು.